ಚಂದ್ರನ ಮೇಲೆ ಚೊಗರಿನ ಚುಕ್ಕೆ

ಕೊಯ್ಲಿನ ನಡುವೆ ಹಿಡಿದಿದ್ದ ಮಳೆ ತೀರ್ಥಹಳ್ಳಿಯಲ್ಲಿ ಇಂದು ಸಂಜೆ ಬಿಟ್ಟಿತು. ಜಗಲಿಯಲ್ಲಿ ಚಂದ್ರನ ನಕ್ಷೆ ಹರಡಿಕೊಂಡು, ನೌಕೆಗಳು ಮುಟ್ಟಿದ ಜಾಗಗಳನ್ನು ಮಗಳೊಂದಿಗೆ ಗುರುತಿಸಿದೆ. ಕೆಂಪು ಶಾಯಿ ಇರಲಿಲ್ಲ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಕಡ್ಡಿ ಅದ್ದಿ ಚುಕ್ಕೆ ಇಟ್ಟೆವು.

1959ರಲ್ಲಿ ಅಪ್ಪಳಿಸಿದ ಲೂನಾ 2, 1966ರಲ್ಲಿ ಮೆಲ್ಲಗೆ ಇಳಿದ ಲೂನಾ 9, 1969ರ ಅಪೊಲೊ 11. ಎಲ್ಲವೂ ನಮಗೆ ಕಾಣುವ ಮುಖದಲ್ಲೇ. ಕಾಣದ ಮುಖದಲ್ಲಿ ಮೊದಲು ಮೆಲ್ಲಗೆ ಇಳಿದದ್ದು ಚೀನಾದ ನೌಕೆ, 2019ರ ಜನವರಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಚಂದ್ರಯಾನ–2ರ ವಿಕ್ರಮ್ ಬಿತ್ತು.

“ಬಿದ್ದದ್ದಕ್ಕೂ ಚುಕ್ಕೆ ಇಡಬೇಕೇ ಅಪ್ಪಾ?”

“ಇಡು ಪುಟ್ಟಿ. ಅಲ್ಲಿಯವರೆಗೆ ಹೋಗಿತ್ತಲ್ಲ.”

ಇಟ್ಟಳು. ಆಮೇಲೆ ದಕ್ಷಿಣಕ್ಕೆ ಸುಮಾರು 69 ಡಿಗ್ರಿಯಲ್ಲಿ, 2023ರ ಆಗಸ್ಟ್ 23ರಂದು ಚಂದ್ರಯಾನ–3 ಇಳಿದ ಜಾಗಕ್ಕೆ ಕಡ್ಡಿಯನ್ನು ಎರಡು ಸಲ ಅದ್ದಿದಳು. ಚೊಗರು ಕಾಗದದಲ್ಲಿ ಇಂಗಿ, ಬಿದ್ದದ್ದರ ಚುಕ್ಕೆಯೂ ಇಳಿದದ್ದರ ಚುಕ್ಕೆಯೂ ಒಂದಕ್ಕೊಂದು ತಾಗಿಕೊಂಡಿವೆ.