ಅಪ್ಪಯ್ಯ ರೇಡಿಯೋ ಹಾಕದ ಭಾನುವಾರ

ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮುಂಬೈಯ ಪೂರ್ವ ಉಪನಗರದ ಒಂದು ಪುಟ್ಟ ಸಮುದಾಯ ಬಾನುಲಿಯಲ್ಲಿ ನಾನು ಅರ್ಧ ಗಂಟೆ ಕನ್ನಡದಲ್ಲಿ ಮಾತಾಡುತ್ತೇನೆ. ವಾರದ ಉಳಿದ ಹೊತ್ತೆಲ್ಲ ಮರಾಠಿ, ಹಿಂದಿ. ಆ ಅರ್ಧ ಗಂಟೆ ಮಾತ್ರ ನಮ್ಮದು. ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಮೈಕಿನ ಮುಂದೆಯೋ ಮೊಬೈಲಿನ ಮುಂದೆಯೋ ಕುಳಿತು ಮನೆಯ ಕಥೆ ಹೇಳುವವರು ಈಗ ಬಹಳ ಜನರಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಮೊದಲು ನಮ್ಮ ಕೇಂದ್ರದ ಅಳತೆ ಹೇಳಬೇಕು. ಸಮುದಾಯ ಬಾನುಲಿಗೆ ಸರ್ಕಾರ ಒಪ್ಪುವ ಪ್ರಸಾರ ಶಕ್ತಿ 100 ವ್ಯಾಟ್. ಸುಮಾರು ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಗೊರಗೊರ ಸದ್ದು ಶುರುವಾಗುತ್ತದೆ. ಆದರೆ ಆ ಹತ್ತು ಕಿಲೋಮೀಟರಿನೊಳಗೆ ಚೆಂಬೂರು, ಸಯನ್, ಮಾಟುಂಗಾ, ಕುರ್ಲಾ ಇವೆ. ಹೋಟೆಲಿನ ಅಡುಗೆಮನೆಗಳಿವೆ, ಮಕ್ಕಳು ವಿದೇಶಕ್ಕೆ ಹೋದ ಮೇಲೆ ಇಬ್ಬರೇ ಉಳಿದ ಮನೆಗಳಿವೆ, ಬೆಳಗಿನ ದೋಸೆ ಹಿಟ್ಟು ಕಲಸುತ್ತ ಕನ್ನಡಕ್ಕಾಗಿ ಕಾಯುವ ಕಿವಿಗಳಿವೆ. ನಾವು ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆಯೇ ಮರುಪ್ರಸಾರ ಮಾಡಬಹುದು, ಅಷ್ಟೇ. ಹಾಗಾಗಿ ನಮ್ಮ ಬಂಡವಾಳವೆಲ್ಲ ಊರುಕೇರಿ, ಅಡುಗೆ, ಆರೋಗ್ಯ, ಮನೆ. ನನ್ನ ಕಾರ್ಯಕ್ರಮದ ಮೊದಲ ನಾಲ್ಕು ನಿಮಿಷಕ್ಕೆ ‘ಮನೆಮಾತು’ ಎಂದು ಹೆಸರಿಟ್ಟಿದ್ದೇನೆ. ಆ ವಾರ ಮನೆಯಲ್ಲಿ ಕಂಡದ್ದು, ಕೇಳಿದ್ದು, ನೆನಪಾದದ್ದು ಅದರಲ್ಲಿ ಬರುತ್ತದೆ.

ನಾಲ್ಕು ನಿಮಿಷವೆಂದರೆ ಏನು ಮಹಾ ಎನಿಸಬಹುದು. ಬರೆಯಲು ನನಗೆ ಎರಡು ಸಂಜೆ ಬೇಕು. ಕೇಳುವವರಿಗೆ ಹಿಂದಿನ ಸಾಲಿಗೆ ಮರಳುವ ಅವಕಾಶವಿಲ್ಲ, ಆದ್ದರಿಂದ ವಾಕ್ಯ ಉದ್ದವಾದರೆ ತುದಿ ತಲುಪುವಷ್ಟರಲ್ಲಿ ಬುಡ ಮರೆತಿರುತ್ತದೆ. ಮೈಕಿನಿಂದ ಒಂದು ಗೇಣು ದೂರ ಕೂರಬೇಕು. ಪ, ಫ, ಬ, ಭ ಬಂದಾಗ ತುಟಿಯಿಂದ ಹೊರಟ ಗಾಳಿ ನೇರವಾಗಿ ಮೈಕಿಗೆ ಬಡಿದರೆ ಕೇಳುಗರ ಕಿವಿಯಲ್ಲಿ ‘ಧಬ್’ ಎನ್ನುತ್ತದೆ. ಕುಂದಾಪುರದ ಕಡೆಯವರಾದ ನಮಗೆ ತಂದೆಯೆಂದರೆ ಅಪ್ಪಯ್ಯ. ಆ ಪದ ಬಂದಾಗಲೆಲ್ಲ ಮುಖವನ್ನು ತುಸು ಎಡಕ್ಕೆ ತಿರುಗಿಸಿ ಹೇಳುವುದು ನನಗೆ ರೂಢಿಯಾಗಿದೆ. ಎಷ್ಟು ರೂಢಿಯೆಂದರೆ, ಮನೆಯಲ್ಲಿ ಕರೆಯುವಾಗಲೂ ಒಮ್ಮೊಮ್ಮೆ ಕುತ್ತಿಗೆ ತಾನಾಗಿ ತಿರುಗುತ್ತದೆ.

ಅಪ್ಪಯ್ಯ 1971ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಬಸ್ಸು ಹತ್ತಿ ಮುಂಬೈಗೆ ಬಂದವರು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅವರ ಕಾಲಕ್ಕೆ ಘಟ್ಟ ಹತ್ತಿ ಇಳಿದು ಸುತ್ತಿ ಬರುವ ಬಸ್ಸೇ ಗತಿ. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಮೋರಿಯ ಮುಂದೆ ಕುಳಿತು ಲೋಟ ತೊಳೆದರು, ಆಮೇಲೆ ಟೇಬಲ್ ಒರೆಸಿದರು, ಆಮೇಲೆ ಸಪ್ಲೈಯರ್ ಆದರು. ಹೋಟೆಲ್ ಕೆಲಸ ಮುಗಿಸಿ ಕನ್ನಡದ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು. ಒಂದು ಕಂಪನಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದರು. ನಮ್ಮ ಕಡೆಯಿಂದ ಬಂದ ಎಷ್ಟೋ ಗಂಡಸರ ಕಥೆ ಇದೇ. ಹಗಲಿಗೆ ಹೋಟೆಲು, ಇರುಳಿಗೆ ಶಾಲೆ: ಈ ಎರಡು ಇಲ್ಲದಿದ್ದರೆ ಮುಂಬೈ ಕನ್ನಡಿಗರ ಒಂದು ಇಡೀ ತಲೆಮಾರು ಓದುಬರಹ ಕಾಣುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಜುಲೈಯ ಒಂದು ಭಾನುವಾರಕ್ಕೆ ಆ ಕಥೆ ಬರೆದೆ. ಹೊರಗೆ ಮೂರು ದಿನದ ಮಳೆ. ಸ್ಟೇಷನ್ ಬಳಿ ಮುಚ್ಚಿದ ಅಂಗಡಿಯ ಶಟರಿನ ಕೆಳಗೆ ಇಬ್ಬರು ಹುಡುಗರು ಪ್ಲಾಸ್ಟಿಕ್ ಹೊದ್ದು ಮಲಗಿದ್ದನ್ನು ಕಂಡಿದ್ದೆ. ಅದು ಮನಸ್ಸಿನಲ್ಲಿತ್ತು. ಬರೆಯುತ್ತ ಬರೆಯುತ್ತ ಆ ಶಟರು ಅಪ್ಪಯ್ಯನ ಹೋಟೆಲಿಗೆ ಬಂತು. ‘ರಾತ್ರಿ ಹನ್ನೊಂದಕ್ಕೆ ಧಣಿಗಳು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಶಟರು ಎಳೆದರೆ, ಹನ್ನೆರಡು ವರ್ಷದ ಹುಡುಗನಿಗೆ ಫುಟ್‌ಪಾತೇ ಹಾಸಿಗೆ’ ಎಂದು ಬರೆದೆ. ಧಣಿಗಳ ಹೆಸರು ಹೇಳಲಿಲ್ಲ. ಆದರೆ ಕೇಳುವವರ ಕಣ್ಣಿಗೆ ಕಟ್ಟಲಿ ಎಂದು ಅವರ ಕಿವಿಯ ಕೆಂಪು ಹರಳಿನ ಒಂಟಿಯನ್ನು ಸೇರಿಸಿದೆ. ಅದನ್ನು ಹಳೆಯ ಫೋಟೋದಲ್ಲಿ ನೋಡಿದ್ದೆ. ಓದುವಾಗ ನನ್ನ ಗಂಟಲು ಕಟ್ಟಿತು. ಗಾಜಿನಾಚೆ ಧ್ವನಿಮುದ್ರಣ ನೋಡಿಕೊಳ್ಳುವ ಹುಡುಗ ಹೆಬ್ಬೆರಳು ಎತ್ತಿ ತೋರಿಸಿದ. ಆ ದಿನ ಹದಿನಾಲ್ಕು ಕರೆಗಳು ಬಂದವು. ನಮ್ಮ ಕಾರ್ಯಕ್ರಮಕ್ಕೆ ಅದು ದೊಡ್ಡ ಸಂಖ್ಯೆ. ಇಬ್ಬರು ಅತ್ತರು. ನಾನು ಹಿಗ್ಗಿನಿಂದ ಮನೆಗೆ ಹೋದೆ.

ಅಪ್ಪಯ್ಯ ಪೇಪರ್ ಓದುತ್ತಿದ್ದರು. ಕಾರ್ಯಕ್ರಮದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಮೊದಲಿನಿಂದಲೂ ಕಡಿಮೆ ಮಾತಿನವರು. ಮೆಚ್ಚಿದರೂ ‘ಹೂಂ, ಕೇಳಿದೆ’ ಎಂದಷ್ಟೇ ಹೇಳುವವರು. ಅಂದು ಆ ‘ಹೂಂ’ ಕೂಡ ಇರಲಿಲ್ಲ.

ಮುಂದಿನ ಭಾನುವಾರ ಅವರು ರೇಡಿಯೋ ಹಾಕಲಿಲ್ಲ ಎಂದು ಅಮ್ಮ ಹೇಳಿದಳು. ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಚಿಕ್ಕ ಎಫ್‌ಎಂ ರೇಡಿಯೋ ಇದೆ. ಏಳೂಮುಕ್ಕಾಲಿಗೆ ಅದರ ಕಡ್ಡಿ ಎಳೆದು, ಕಿಟಕಿಯ ಕಡೆಗೆ ತಿರುಗಿಸಿ, ಸದ್ದು ಸರಿಮಾಡಿಟ್ಟು ಕೂರುವುದು ಅಪ್ಪಯ್ಯನ ಭಾನುವಾರದ ಕೆಲಸ. ಆ ದಿನ ಎಂಟಕ್ಕೆ ಚೀಲ ಹಿಡಿದು ತರಕಾರಿಗೆ ಹೋದರಂತೆ. ಅದರ ಮುಂದಿನ ವಾರವೂ ಹೋದರು.

ಲೋಟ ತೊಳೆದದ್ದನ್ನು ಊರಿಗೆಲ್ಲ ಹೇಳಿದ್ದು ಅವರಿಗೆ ಅವಮಾನವಾಗಿರಬೇಕು ಎಂದುಕೊಂಡೆ. ಅದನ್ನೇ ನಾಲ್ಕು ದಿನ ಯೋಚಿಸಿದೆ. ದುಡಿದು ತಿಂದದ್ದರಲ್ಲಿ ನಾಚಿಕೆ ಏನು ಎಂದು ಅವರಿಗೆ ಹೇಳಬೇಕಾದ ಮಾತುಗಳನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಕೊನೆಗೆ ಅಮ್ಮನೇ ಬಾಯಿ ಬಿಟ್ಟಳು.

“ಮಾಟುಂಗಾದಿಂದ ಫೋನ್ ಬಂದಿತ್ತು. ಧಣಿಗಳ ಮನೆಯ ಅಮ್ಮ ಮಾತಾಡಿದರು. ‘ನಮ್ಮವರು ನಿನ್ನನ್ನು ಯಾವತ್ತು ಬೀದಿಯಲ್ಲಿ ಮಲಗಿಸಿದರು ಮಗಾ, ನನಗೆ ಗೊತ್ತಿಲ್ಲದೆ?’ ಎಂದು ಕೇಳಿದರಂತೆ. ನಿನ್ನ ಅಪ್ಪಯ್ಯನಿಗೆ ಉತ್ತರ ಹೇಳಲು ಬರಲಿಲ್ಲ.”

ಧಣಿಗಳು ತೀರಿಕೊಂಡು ಬಹಳ ವರ್ಷವಾಗಿದೆ. ಅವರ ಹೆಂಡತಿ ಬದುಕಿದ್ದಾರೆಂದೂ, ನಮ್ಮ ಪ್ರಸಾರದ ವ್ಯಾಪ್ತಿಯಲ್ಲೇ ಇದ್ದಾರೆಂದೂ, ಪ್ರತಿ ಭಾನುವಾರ ನನ್ನ ಧ್ವನಿ ಕೇಳುತ್ತಾರೆಂದೂ ನನಗೆ ಗೊತ್ತಿರಲಿಲ್ಲ. ಅವರಿಗೆ ಗಂಡನ ಹೆಸರು ಬೇಕಾಗಿರಲಿಲ್ಲ. ಕೆಂಪು ಹರಳಿನ ಒಂಟಿ ಸಾಕಾಗಿತ್ತು.

ಆ ರಾತ್ರಿ ನಾನು ಅಪ್ಪಯ್ಯನ ಬಳಿ ಕುಳಿತು, ಬಹುಶಃ ಜೀವನದಲ್ಲಿ ಮೊದಲ ಬಾರಿಗೆ, ಹೇಳುವುದನ್ನು ಬಿಟ್ಟು ಕೇಳಿದೆ. ಅವರು ನಿಧಾನವಾಗಿ ಹೇಳಿದರು. ಹುಡುಗರು ಮಲಗುತ್ತಿದ್ದದ್ದು ಹೋಟೆಲಿನ ಒಳಗೆ, ಟೇಬಲುಗಳನ್ನು ಒತ್ತಾಗಿ ಜೋಡಿಸಿ. ಏಪ್ರಿಲ್, ಮೇ ಸೆಕೆಗೆ ಹುಡುಗರೇ ಚಾಪೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಬೆಳಿಗ್ಗೆ ಅದಕ್ಕೆ ಧಣಿಗಳು ಬೈಯುತ್ತಿದ್ದರು. ಧಣಿಗಳ ಮನೆ ಹೋಟೆಲಿನ ಮೇಲಿನ ಮಾಳಿಗೆ. ಅವರಿಗೆ ಒಂದು ದೊಡ್ಡ ವಾಲ್ವಿನ ರೇಡಿಯೋ ಇತ್ತು. ಆಗ ರೇಡಿಯೋ ಇಟ್ಟುಕೊಳ್ಳಲು ಪರವಾನಗಿ ಬೇಕಿತ್ತು, ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷ ಶುಲ್ಕ ಕಟ್ಟಿ ಬರುವ ಕೆಲಸ ಅಪ್ಪಯ್ಯನದು. ರಾತ್ರಿ ಕೆಲಸ ಮುಗಿದ ಮೇಲೆ ಧಣಿಗಳ ಮನೆಯ ಅಮ್ಮ ಆ ರೇಡಿಯೋವನ್ನು ಮೆಟ್ಟಿಲಿನ ಕಡೆಗೆ ತಿರುಗಿಸಿಡುತ್ತಿದ್ದರಂತೆ, ಕೆಳಗಿನ ಹುಡುಗರಿಗೆ ಕೇಳಲಿ ಎಂದು. ಹಗಲು ಹಿಡಿಯಲಾಗದ ಧಾರವಾಡ ರಾತ್ರಿ ಸಿಗುತ್ತಿತ್ತು. ಮಧ್ಯಮ ತರಂಗದ ಗುಣವೇ ಹಾಗೆ. ಇರುಳಾದ ಮೇಲೆ ಮೇಲಿನ ವಾಯುಮಂಡಲದ ಪದರಕ್ಕೆ ತಾಗಿ ಮರಳಿ, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಧ್ವನಿ ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ಸಮುದ್ರದೊಳಗೆ ಹೋದ ಹಾಗೆ ಅಡಗುತ್ತಿತ್ತು.

“ಟೇಬಲಿನ ಮೇಲೆ ಅಂಗಾತ ಮಲಗಿ, ಮಾತು ಮತ್ತೆ ಬರುವುದನ್ನೇ ಕಾಯುತ್ತಿದ್ದೆವು” ಎಂದರು ಅಪ್ಪಯ್ಯ. “ಊರು ಬಿಟ್ಟು ಬಂದ ಮೇಲೆ ನಾನು ಅಳದೆ ನಿದ್ದೆ ಮಾಡಿದ್ದು ಆ ರೇಡಿಯೋ ಕೇಳಲು ಶುರುವಾದ ಮೇಲೆ.”

ನಾನು ಅವರ ಕಥೆಯಿಂದ ತೆಗೆದುಹಾಕಿದ್ದು ಇದನ್ನು! ಅದರ ಜಾಗದಲ್ಲಿ ಇಟ್ಟದ್ದು ಸ್ಟೇಷನ್ ಬಳಿ ಕಂಡ ಬೇರೆ ಯಾರದೋ ಶಟರನ್ನು. ಹುಡುಗ ಕಾಮಾಲೆಯಿಂದ ಮಲಗಿದಾಗ ಇಪ್ಪತ್ತು ದಿನ ಮೇಲಿನ ಮನೆಯಿಂದ ಗಂಜಿ ಕಳಿಸಿದ ಹೆಂಗಸಿಗೆ, ನಾನು ನಾಲ್ಕು ನಿಮಿಷದಲ್ಲಿ ಕಟುಕನ ಹೆಂಡತಿಯ ಪಟ್ಟ ಕಟ್ಟಿದ್ದೆ.

ನಿಯಮದ ಪ್ರಕಾರ ಸಮುದಾಯ ಬಾನುಲಿ ತನ್ನ ಪ್ರಸಾರವನ್ನೆಲ್ಲ ಮೂರು ತಿಂಗಳು ಕಾಪಾಡಿ ಇಡಬೇಕು. ಮರುದಿನ ಕೇಂದ್ರಕ್ಕೆ ಹೋಗಿ ಆ ಭಾನುವಾರದ ಕಡತ ತೆರೆದು, ಹೆಡ್‌ಫೋನ್ ಹಾಕಿ ಕೇಳಿದೆ. ‘ಫುಟ್‌ಪಾತೇ ಹಾಸಿಗೆ’ ಎನ್ನುವಲ್ಲಿ ನನ್ನ ಧ್ವನಿ ನಡುಗುತ್ತದೆ, ಅಲ್ಲೊಂದು ವಿರಾಮವಿದೆ. ಆ ವಿರಾಮವನ್ನು ನಾನು ಹಾಳೆಯಲ್ಲಿ ಅಡ್ಡಗೆರೆ ಎಳೆದು ಗುರುತು ಮಾಡಿಟ್ಟಿದ್ದೆ. ಬಡತನವನ್ನು ಹೇಳುವಾಗ ಒಂದು ಹಿಡಿ ಹೆಚ್ಚು ಸುರಿದರೆ ಯಾರಿಗೂ ನಷ್ಟವಿಲ್ಲ ಎಂದು ನಮ್ಮ ಕೆಲಸದಲ್ಲಿ ಅನೇಕರು ತಿಳಿದಿದ್ದಾರೆ. ನಾನೂ ತಿಳಿದಿದ್ದೆ. ಅದು ಸುಳ್ಳು. ಕಥೆಯಲ್ಲಿ ಒಬ್ಬರ ಕಷ್ಟ ಹೆಚ್ಚಿಸಿದರೆ ಇನ್ನೊಬ್ಬರ ಕ್ರೌರ್ಯ ತಾನಾಗಿಯೇ ಹೆಚ್ಚುತ್ತದೆ, ಮತ್ತು ಆ ಇನ್ನೊಬ್ಬರಿಗೂ ಒಂದು ಮನೆ ಇರುತ್ತದೆ, ಆ ಮನೆಯಲ್ಲೂ ಒಂದು ರೇಡಿಯೋ ಇರುತ್ತದೆ.

ಅಪ್ಪಯ್ಯನೂ ನಾನೂ ಮಾಟುಂಗಾಕ್ಕೆ ಹೋದೆವು. ಎಂಬತ್ತು ದಾಟಿದ ಆ ಅಮ್ಮ ಗೋಡೆ ಹಿಡಿದು ನಡೆಯುತ್ತಾರೆ, ಆದರೆ ಕಿವಿ ಚುರುಕು. ನಾನು ಕಾಲಿಗೆ ನಮಸ್ಕರಿಸಿ ತಪ್ಪಾಯಿತು ಎಂದೆ. ಅವರು ಸಿಟ್ಟಾಗಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

“ಇಲ್ಲಿ ನನ್ನ ಮುಂದೆ ಹೇಳಿದ್ದು ನನಗೆ ಕೇಳಿಸಿತು. ಅಲ್ಲಿ ಕೇಳಿದವರಿಗೆ ಯಾರು ಹೇಳುತ್ತಾರೆ?”

ನನಗೆ ಯಾವ ತರಬೇತಿಯಲ್ಲೂ ಇಷ್ಟು ನೇರವಾದ ಪಾಠ ಸಿಕ್ಕಿರಲಿಲ್ಲ. ಅದರ ಮುಂದಿನ ಭಾನುವಾರ, ಅದೇ ಎಂಟು ಗಂಟೆಗೆ, ಅದೇ ನಾಲ್ಕು ನಿಮಿಷದಲ್ಲಿ, ನಾನು ತಪ್ಪು ಹೇಳಿದ್ದೆ ಎಂದು ಮೊದಲ ವಾಕ್ಯದಲ್ಲೇ ಹೇಳಿದೆ. ಕಾರ್ಯಕ್ರಮದ ಕೊನೆಯಲ್ಲಿ ಅರ್ಧ ವಾಕ್ಯ ಸೇರಿಸಿದರೆ ಸಾಕು ಎಂದು ಕೇಂದ್ರದಲ್ಲಿ ಒಬ್ಬರು ಸಲಹೆ ಕೊಟ್ಟಿದ್ದರು. ತಪ್ಪು ಎಲ್ಲಿ ನಡೆಯಿತೋ ತಿದ್ದುಪಡಿಯೂ ಅಲ್ಲೇ, ಅಷ್ಟೇ ಗಟ್ಟಿಯಾದ ಧ್ವನಿಯಲ್ಲಿ ಆಗಬೇಕು ಎಂದು ನಾನು ಹಟ ಹಿಡಿದೆ. ಜೋಡಿಸಿದ ಟೇಬಲುಗಳನ್ನು, ಮೆಟ್ಟಿಲಿನ ಕಡೆಗೆ ತಿರುಗಿಸಿಟ್ಟ ರೇಡಿಯೋವನ್ನು, ಬಂದು ಹೋಗುತ್ತಿದ್ದ ಧಾರವಾಡವನ್ನು ಹೇಳಿದೆ. ಗಂಟಲು ಕಟ್ಟಲಿಲ್ಲ. ಅಡ್ಡಗೆರೆ ಎಲ್ಲೂ ಇರಲಿಲ್ಲ. ಆ ದಿನ ಬಂದದ್ದು ಮೂರು ಕರೆ. ಮೂರೂ ಹಳೆಯ ಹೋಟೆಲ್ ಹುಡುಗರವು. ಒಬ್ಬರು ತಾವು ಮಲಗುತ್ತಿದ್ದ ಟೇಬಲಿನ ಸಂಖ್ಯೆಯನ್ನೂ ಹೇಳಿದರು.

ಅಂದು ಅಪ್ಪಯ್ಯ ತರಕಾರಿಗೆ ಹೋಗಿರಲಿಲ್ಲ. ನಾನು ಮನೆ ಸೇರಿದಾಗ ರೇಡಿಯೋದ ಕಡ್ಡಿ ಇನ್ನೂ ಮೇಲೆದ್ದೇ ಇತ್ತು.

ಈಗ ಕೆಲಸದ ಕ್ರಮ ಬದಲಾಗಿದೆ. ಶನಿವಾರ ಸಂಜೆ, ಚಹಾದ ಹೊತ್ತಿಗೆ, ನಾಳೆಯ ಹಾಳೆಯನ್ನು ಅದರಲ್ಲಿ ಬರುವವರ ಮುಂದೆ ಓದುತ್ತೇನೆ. ಊರಿನ ಚಿಕ್ಕಮ್ಮನ ವಿಷಯವಾದರೆ ಫೋನಿನಲ್ಲಿ ಓದುತ್ತೇನೆ. ಬದುಕಿಲ್ಲದವರ ವಿಷಯವಾದರೆ ಅವರನ್ನು ಕಂಡ ಇನ್ನೊಬ್ಬರನ್ನು ಹುಡುಕುತ್ತೇನೆ. ಒಪ್ಪಿಗೆ ಪಡೆಯುವುದು ಇದರ ಅರ್ಧ ಮಾತ್ರ. ಉಳಿದರ್ಧದಲ್ಲಿ ಕಥೆ ಸರಿಯಾಗುತ್ತದೆ, ಬಹಳ ಸಲ ಹೆಚ್ಚು ಚೆನ್ನಾಗಿಯೂ ಆಗುತ್ತದೆ. ಅಪ್ಪಯ್ಯ ಪೆನ್ಸಿಲ್ ಹಿಡಿದು ಕೂರುತ್ತಾರೆ. ‘ಪಾಪ’ ಎಂಬ ಪದ ಕಂಡಲ್ಲೆಲ್ಲ ಅಡ್ಡ ಎಳೆಯುತ್ತಾರೆ. ನನ್ನ ಮಗ ಹತ್ತನೆಯ ತರಗತಿಗೆ ಬಂದ ಮೇಲೆ ಅವನ ಬಗ್ಗೆ ಒಂದೇ ಬಾರಿ ಬರೆದೆ; ಎರಡು ಸಾಲು ತೆಗೆಯಬೇಕೆಂದ, ತೆಗೆದೆ.

ಕಳೆದ ಶನಿವಾರ ಅಮ್ಮನ ಮಂಡಿನೋವಿನ ಬಗ್ಗೆ ಬರೆದಿದ್ದೆ. ಮೂರನೆಯ ಮಹಡಿ, ಲಿಫ್ಟಿಲ್ಲದ ಕಟ್ಟಡ. ಅವಳು ಪ್ರತಿ ತಿರುವಿನಲ್ಲಿ ನಿಂತು, ಎದುರು ಬಂದವರಿಗೆ ನೋವು ತಿಳಿಯಬಾರದೆಂದು ಬಳೆ ಸರಿಮಾಡಿಕೊಳ್ಳುವ ನೆವ ಮಾಡುತ್ತಾಳೆ. ಬಹಳ ದಿನದಿಂದ ನನ್ನ ಕಣ್ಣಲ್ಲಿದ್ದ ಚಿತ್ರ. ಓದಿ ಮುಗಿಸಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಚೆನ್ನಾಗಿದೆ” ಎಂದಳು. “ನಾನು ಇರುವವರೆಗೆ ಬೇಡ.” ಇಲ್ಲಿ ಬರೆಯಬಹುದೆ ಎಂದು ಆಮೇಲೆ ಕೇಳಿದೆ. ಹೆಸರು ಹಾಕದಿದ್ದರೆ ಆಗಬಹುದು, ಈ ಕಟ್ಟಡದವರಿಗೆ ಕೇಳಿಸಬಾರದು ಅಷ್ಟೇ ಎಂದಳು.

ಹಾಳೆಯನ್ನು ಮಡಚಿ ಮೇಜಿನ ಡ್ರಾಯರಿನಲ್ಲಿ ಇಟ್ಟೆ. ಭಾನುವಾರ ಬಾಲ್ಕನಿಯ ತುಳಸಿಗೆ ಮಳೆಯಲ್ಲಿ ಬಂದ ಹುಳದ ಬಗ್ಗೆ ನಾಲ್ಕು ನಿಮಿಷ ಮಾತಾಡಿದೆ.