ಮೊಬೈಲ್‌ನಲ್ಲಿ ಕೇಳಿದ್ದು, ಕ್ಲಾಸಿನಲ್ಲಿ ಆಡಿದ್ದು

2018ರಲ್ಲಿ ಧಾರವಾಡಕ್ಕೆ ಎಂ.ಎ. ಇಂಗ್ಲಿಷ್ ಓದಲು ಬಂದಾಗ ನನಗೆ ಓದಲು ಬರುತ್ತಿತ್ತು, ಬರೆಯಲೂ ತಕ್ಕಮಟ್ಟಿಗೆ ಬರುತ್ತಿತ್ತು. ಕೇಳಿ ತಿಳಿದುಕೊಳ್ಳುವುದೇ ಕಷ್ಟ. ರೋಣದ ಕಡೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವಳು ನಾನು. ಅಲ್ಲಿ ಇಂಗ್ಲಿಷ್ ಪಾಠವನ್ನೂ ಕನ್ನಡದಲ್ಲೇ ಹೇಳುತ್ತಿದ್ದರು. ಇಲ್ಲಿ ಒಂದು ತಾಸು ಬರೀ ಇಂಗ್ಲಿಷ್ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ತಪ್ಪಿ ಹೋಗುತ್ತಿತ್ತು. ನಡುವೆ ಎದ್ದು ನಿಂತು 'ಇನ್ನೊಮ್ಮೆ ಹೇಳ್ರಿ' ಅನ್ನಲು ಎಷ್ಟು ಸಲ ಧೈರ್ಯ ಬರುತ್ತದೆ?

ಆಗ ನಮ್ಮ ಮೇಡಂ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ಸ್ವಯಂ ಪೋರ್ಟಲ್‌ನ ಒಂದು ಇಂಗ್ಲಿಷ್ ಕೋರ್ಸಿಗೆ ಎಲ್ಲರೂ ಸೇರಿಕೊಳ್ಳಿ ಎಂದರು. ಸ್ವಯಂ ಶುರುವಾದದ್ದು 2017ರ ಜುಲೈನಲ್ಲಿ, ಹಾಗಾಗಿ ನಮಗೆಲ್ಲ ಅದು ಹೊಸದು. ವಿಡಿಯೋ ಪಾಠ, ಓದಲು ಟಿಪ್ಪಣಿ, ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂದೇಹ ಕೇಳಲು ಒಂದು ಜಾಗ. ಸೇರಲು ದುಡ್ಡು ಕೊಡಬೇಕಿಲ್ಲ. ಸರ್ಟಿಫಿಕೇಟ್ ಬೇಕಾದವರು ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು.

ನನಗೆ ಬೇಕಾಗಿದ್ದದ್ದು ಸರ್ಟಿಫಿಕೇಟ್ ಅಲ್ಲ, ಆ ವಿಡಿಯೋಗಳೇ. ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ವೇಗ ಕಡಿಮೆ ಮಾಡಬಹುದು. ಅರ್ಥವಾಗುವ ತನಕ ಒಂದೇ ವಾಕ್ಯವನ್ನು ಕೇಳುತ್ತಾ ಕೂತರೂ ಯಾರೂ ತಿರುಗಿ ನೋಡುವುದಿಲ್ಲ. ಹಾಸ್ಟೆಲ್‌ನಲ್ಲಿ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಹೀಗೆ ಕೇಳಿ ಕೇಳಿಯೇ ನನ್ನ ಕಿವಿ ಪಳಗಿತು.

ಬಾಯಿ ಮಾತ್ರ ಪಳಗಲಿಲ್ಲ. ಪ್ರಶ್ನೆಗಳಿಗೆ ಸರಿ ಉತ್ತರದ ಮುಂದೆ ಗುರುತು ಹಾಕಿದರೆ ಅಂಕ ಬರುತ್ತಿತ್ತು. ಅಷ್ಟೂ ಅಂಕ ತೆಗೆದವರು ಕ್ಲಾಸಿನಲ್ಲಿ ಒಂದು ಮಾತೂ ಆಡದೆ ಕೂರುತ್ತಿದ್ದೆವು. ಮೇಡಂ ಇದನ್ನು ಬೇಗ ಗಮನಿಸಿದರು. ವಾರದಲ್ಲಿ ಒಂದು ತಾಸನ್ನು ಇದಕ್ಕೇ ತೆಗೆದಿಟ್ಟರು. ಆ ತಾಸಿನಲ್ಲಿ ಅವರು ಪಾಠ ಮಾಡುತ್ತಿರಲಿಲ್ಲ. "ನಾ ಆ ವಿಡಿಯೋ ನೋಡಿಲ್ಲ ಅಂತ ತಿಳಕೋರಿ. ಅದರಾಗ ಏನೈತಿ, ನನಗ ಇಂಗ್ಲಿಷ್‌ನ್ಯಾಗ ಹೇಳ್ರಿ" ಅನ್ನುತ್ತಿದ್ದರು.

ಒಂದು ದಿನ ನನಗೆ ಚೆನ್ನಾಗಿ ನೆನಪಿದೆ. ಒಂದು ಕೆಲಸ ಹೇಗೆ ನಡೆಯುತ್ತದೆ ಎಂದು ಹಂತ ಹಂತವಾಗಿ ವಿವರಿಸುವ ಪಾಠ ಅದು. ವಿಡಿಯೋದಲ್ಲಿ ಯಾವುದೋ ಕಾರ್ಖಾನೆಯ ಉದಾಹರಣೆ ಇತ್ತು. ಮೇಡಂ ಅದನ್ನು ಬಿಟ್ಟು, ಬ್ಯಾಡಗಿಯ ಹುಡುಗನೊಬ್ಬನನ್ನು ಎಬ್ಬಿಸಿ, ನಿಮ್ಮೂರಲ್ಲಿ ಮೆಣಸಿನಕಾಯಿ ಹೇಗೆ ಮಾರುತ್ತಾರೆ ಹೇಳು ಎಂದರು. ಅವನು ತಡವರಿಸುತ್ತಲೇ ಶುರು ಮಾಡಿದ. ರೈತರು ಚೀಲ ತರುವುದು, ದಲಾಲಿ ಅಂಗಡಿಯ ಮುಂದೆ ರಾಶಿ ಹಾಕುವುದು, ಖರೀದಿದಾರರು ಬಣ್ಣ ನೋಡಿ, ಮುರಿದು ನೋಡಿ ಟೆಂಡರ್ ಹಾಕುವುದು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣಕ್ಕೇ ಬೆಲೆ ಎಂಬುದನ್ನು ಹೇಳಲು ಅವನಿಗೆ ಮಾತು ಸಿಗಲಿಲ್ಲ. ಹಿಂದಿನ ಬೆಂಚಿನವರು ಒಂದು ಶಬ್ದ ಕೊಟ್ಟರು, ಇನ್ಯಾರೋ ಅದನ್ನು ತಿದ್ದಿದರು. ನಾನೂ ಬಾಯಿ ಹಾಕಿದೆ. ಇಡೀ ಕ್ಲಾಸಿನ ಎದುರು ನಾನು ಇಂಗ್ಲಿಷ್ ಮಾತಾಡಿದ್ದು ಅದೇ ಮೊದಲು. ಎಲ್ಲೋ ಕೂತು ಇಡೀ ದೇಶಕ್ಕೆಂದು ಕೋರ್ಸ್ ಮಾಡುವವರಿಗೆ ನಮ್ಮ ಬ್ಯಾಡಗಿ ಪ್ಯಾಟಿ ಹೇಗೆ ಗೊತ್ತಾಗಬೇಕು? ಅದು ಅವರ ತಪ್ಪಲ್ಲ. ಅದಕ್ಕೇ ಅಲ್ವಾ ಮಾಸ್ತರು ಬೇಕಾಗುವುದು?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಊರಿಗೆ ಹೋದೆವು. ಪಾಠಗಳು ಆನ್‌ಲೈನ್‌ನಲ್ಲಿ ನಡೆದವು, ಆದರೆ ಎಲ್ಲರ ಮೈಕೂ ಬಂದ್. ಒಬ್ಬರ ಮಾತು ಮುಟ್ಟುವಷ್ಟರಲ್ಲಿ ಇನ್ನೊಬ್ಬರು ಮಾತು ಶುರು ಮಾಡಿರುತ್ತಿದ್ದರು. ಶಬ್ದ ಕೊಡುವ, ತಿದ್ದುವ ಆ ಗದ್ದಲ ಅಲ್ಲಿ ಹುಟ್ಟಲೇ ಇಲ್ಲ.

ಧಾರವಾಡಕ್ಕೆ ಇಂಗ್ಲಿಷ್ ಕಲಿಸಿ ಗೊತ್ತು. ಕರ್ನಾಟಕ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ವಿ.ಕೃ. ಗೋಕಾಕರು ಮುಂದೆ ಹೈದರಾಬಾದಿನಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರ ಸಂಸ್ಥೆಗೇ ನಿರ್ದೇಶಕರಾದರು. ಹಾಗಾಗಿ ಇಲ್ಲಿ ಏನು ಮಾಡಿದರೂ ಸುತ್ತಲಿನ ಜಿಲ್ಲೆಗಳು ನೋಡುತ್ತವೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಶೇ. 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಲು ಅವಕಾಶವಿದೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಹಳ್ಳಿಯ ಮಕ್ಕಳಿಗೆ ಅದರಿಂದ ಆಗುವ ಲಾಭ ನನಗೆ ಗೊತ್ತು. ನಾನೀಗ ಗದಗದಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ, ಅವರಿಗೂ ವಿಡಿಯೋ ಹಚ್ಚಿಕೊಡುತ್ತೇನೆ. ಧಾರವಾಡದಲ್ಲಿ ನಾನು ಓದಿದ ಇಂಗ್ಲಿಷ್ ವಿಭಾಗದ ಗುರುಗಳಲ್ಲಿ ನನ್ನದೊಂದೇ ಕೋರಿಕೆ. ಆನ್‌ಲೈನ್ ಇಂಗ್ಲಿಷ್ ಕೋರ್ಸ್ ಕೊಟ್ಟಾಗಲೆಲ್ಲ ಅದರ ಪಕ್ಕದಲ್ಲಿ ವಾರಕ್ಕೊಂದು ತಾಸನ್ನು ಟೈಮ್‌ಟೇಬಲ್‌ನಲ್ಲೇ ಬರೆದಿಡಿ. ಮೇಡಂ ಅದನ್ನು ತಮ್ಮ ಬಿಡುವಿನ ವೇಳೆಯಲ್ಲಿ ಮಾಡುತ್ತಿದ್ದರು. ಮುಂದೆ ಬರುವವರು ಅದನ್ನು ಕೆಲಸದ ವೇಳೆಯಲ್ಲೇ ಮಾಡುವಂತಾಗಲಿ.