ಶಾಟ್ ಎಣಿಸುವ ಮುಂಚೆ ಪ್ರತಿಯನ್ನು ಅಳೆಯಿರಿ

ಬ್ರಿಟನ್ನಿನ ಹಲವು ಸಿನಿಮಾ ಅಧ್ಯಯನ ವಿಭಾಗಗಳಲ್ಲಿ ಈಗ ಬರಹದ ಜತೆಗೆ ವಿಡಿಯೊ ಪ್ರಬಂಧವನ್ನೂ ಒಪ್ಪುತ್ತಾರೆ. ಚಿತ್ರದ ತುಣುಕನ್ನೇ ಮುಂದಿಟ್ಟು ವಾದ ಹೂಡುವ ಕ್ರಮ ಅದು. ಇಂಥವನ್ನು ತಜ್ಞರಿಂದ ಪರಿಶೀಲಿಸಿ ಪ್ರಕಟಿಸುವ 'ಇನ್ ಟ್ರಾನ್ಸಿಷನ್' ಎಂಬ ಜಾಲಪತ್ರಿಕೆ 2014ರಲ್ಲಿ ಶುರುವಾಯಿತು. ಇಂಥ ಕೆಲಸದಲ್ಲಿ ಶಾಟ್‌ಗಳನ್ನು (ಎರಡು ಕಟ್‌ಗಳ ನಡುವಿನ ತುಣುಕು) ಎಣಿಸಿ ಚಿತ್ರದ ಲಯ ಅಳೆಯುವುದುಂಟು. ಕರ್ನಾಟಕದ ಊರಿನಲ್ಲಿ ಕೂತು ಕನ್ನಡ ಚಿತ್ರಗಳ ಮೇಲೆ ಇದೇ ಕೆಲಸ ಮಾಡಹೊರಟವರು ಎಲ್ಲಕ್ಕಿಂತ ಮೊದಲು ತಮ್ಮ ಕೈಯಲ್ಲಿರುವ ಪ್ರತಿ ಎಂಥದ್ದೆಂದು ನೋಡಿಕೊಳ್ಳಬೇಕು.

ಥಿಯೇಟರಿನಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡಿದ ಚಿತ್ರ, ಪಾಲ್ ಎಂಬ ಪ್ರಸಾರ ಪದ್ಧತಿಯ (ಭಾರತದಲ್ಲೂ ಬಳಕೆಯಲ್ಲಿದ್ದದ್ದು) ಟಿವಿ ಅಥವಾ ಡಿವಿಡಿಗೆ ಬಂದಾಗ ಸಾಮಾನ್ಯವಾಗಿ 25 ಫ್ರೇಮ್ ಓಡುತ್ತದೆ. 150 ನಿಮಿಷದ ಚಿತ್ರ 144ಕ್ಕೇ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸದೆ ಬಿಟ್ಟಿದ್ದರೆ ಹಾಡಿನ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಮನೆ ಏರಿರುತ್ತದೆ. ಶಾಟ್‌ಗಳ ಸರಾಸರಿ ಅವಧಿ 9.6 ಸೆಕೆಂಡ್ ಬಂದಿದ್ದರೆ ನಿಜವಾದದ್ದು 10. ಅಂದರೆ 25ರಿಂದ ಗುಣಿಸಿ 24ರಿಂದ ಭಾಗಿಸಬೇಕು.

ಪ್ರತಿಯ ವೇಗ ತಿಳಿಯಲು 'ಮೀಡಿಯಾಇನ್ಫೊ' ಎಂಬ ಉಚಿತ ತಂತ್ರಾಂಶ ಸಾಕು. ಆದರೆ ಹಳೆಯ ಚಿತ್ರಗಳಿಗೆ ಇನ್ನೂ ಒಳ್ಳೆಯ ಸಾಕ್ಷಿ ಚಿತ್ರದ ತಲೆಯಲ್ಲೇ ಇದೆ: ಸೆನ್ಸಾರ್ ಸರ್ಟಿಫಿಕೇಟು. ಅಲ್ಲಿ ಉದ್ದ ಮೀಟರಿನಲ್ಲಿದ್ದರೆ 35 ಮಿ.ಮೀ. ಚಿತ್ರಕ್ಕೆ 27.4ರಿಂದ ಭಾಗಿಸಿ, ನಿಮಿಷಗಳು ಸಿಗುತ್ತವೆ. 4110 ಮೀಟರ್ ಎಂದಿದ್ದರೆ 150 ನಿಮಿಷ. ನಿಮ್ಮ ಪ್ರತಿ 144 ನಿಮಿಷವಿದ್ದರೆ ವೇಗದ ವ್ಯತ್ಯಾಸವಿರಬಹುದು, 130 ಇದ್ದರೆ ಎಲ್ಲೋ ಕತ್ತರಿ ಬಿದ್ದಿದೆ. ಟಿವಿಯಿಂದ ಇಳಿಸಿದ ಪ್ರತಿಗಳಲ್ಲಿ ಮೊದಲು ಹೋಗುವುದು ಹಾಡು. ಹಾಡು ಹೋದ ಚಿತ್ರದ ಲಯದ ಬಗ್ಗೆ ಏನು ಹೇಳಿದರೂ ಅದು ನಿರ್ದೇಶಕರ ಲಯವಲ್ಲ.

ಶಾಟ್ ಎಣಿಕೆಗೆ 2005ರಲ್ಲಿ ಸಿನಿಮಾ ವಿದ್ವಾಂಸ ಯೂರಿ ತ್ಸಿವಿಯಾನ್ ಆರಂಭಿಸಿದ 'ಸಿನೆಮೆಟ್ರಿಕ್ಸ್' ಎಂಬ ಜಾಲತಾಣವಿದೆ. ಪ್ರತಿ ಕಟ್‌ಗೂ ಗುಂಡಿ ಒತ್ತುತ್ತ ಹೋಗಬೇಕು. ಬೆರಳು ತುಸು ತಡವಾಗುವುದು ಸಹಜ. ಸರಾಸರಿಯಲ್ಲಿ ಅದು ಸರಿಹೋಗುತ್ತದೆ, ಚಿಕ್ಕ ಶಾಟ್‌ಗಳ ಬಿಡಿ ಅಳತೆಯಲ್ಲಿ ಸರಿಹೋಗದು. ಆದ್ದರಿಂದ ಎರಡು ಸಲ ಎಣಿಸಿ. ನಮ್ಮ ಚಿತ್ರಗಳಿಗೆ ಹಾಡು, ಹೊಡೆದಾಟಗಳ ಲೆಕ್ಕ ಬೇರೆ, ಉಳಿದದ್ದರ ಲೆಕ್ಕ ಬೇರೆ ಇಡಲೇಬೇಕು. ಒಂದೇ ಸರಾಸರಿ ಕೊಟ್ಟರೆ ಮೂರು ಹಾಡುಗಳ ಚುರುಕು ಕಟ್‌ಗಳು ಇಡೀ ಚಿತ್ರವನ್ನೇ ಚುರುಕೆಂದು ತೋರಿಸಿಬಿಡುತ್ತವೆ.

ಚೌಕಟ್ಟನ್ನೂ ನೋಡಿ. 4:3ರ (ಅಗಲ:ಎತ್ತರ) ಚಿತ್ರವನ್ನು ಅಗಲ ಪರದೆ ತುಂಬಿಸಲು 16:9ಕ್ಕೆ ಕತ್ತರಿಸಿದರೆ ಎತ್ತರದ ಕಾಲುಭಾಗ ಹೋಯಿತು. ನೆಲದ ಮೇಲೆ ಕೂತು ಮಾತಾಡುವ ದೃಶ್ಯದಲ್ಲಿ ಆ ನೆಲವೇ ಕಾಣುವುದಿಲ್ಲ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ದ (1977) ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ಮಸುಕು ಪ್ರತಿಗಳನ್ನು ನೋಡಿ ಅದರ ಬೆಳಕಿನ ಬಗ್ಗೆ ಬರೆದದ್ದನ್ನೆಲ್ಲ ಈ ಪ್ರತಿಯ ಪಕ್ಕದಲ್ಲಿಟ್ಟು ಮತ್ತೆ ಓದಬೇಕು.

ಬ್ರಿಟನ್ನಿನ ಗೆಳೆಯರು 'ಬಾಕ್ಸ್ ಆಫ್ ಬ್ರಾಡ್‌ಕಾಸ್ಟ್ಸ್' ಎಂಬ ಟಿವಿ-ರೇಡಿಯೊ ಪ್ರಸಾರಗಳ ಸಂಗ್ರಹದ ಕೊಂಡಿ ಕಳಿಸಿದರೆ ಅದು ಊರಿನಲ್ಲಿ ತೆರೆಯುವುದಿಲ್ಲ. ಆ ಸಂಗ್ರಹ ಬ್ರಿಟನ್ನಿನೊಳಗಿನ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಕಾರ್ಯಕ್ರಮದ ಹೆಸರು, ವಾಹಿನಿ, ಪ್ರಸಾರದ ದಿನ ಮತ್ತು ದೃಶ್ಯ ಬರುವ ನಿಮಿಷ-ಸೆಕೆಂಡನ್ನು ಬರೆದು ಕಳಿಸಲು ಹೇಳಿ.